ವೋಲ್ಟೇಜ್ ಇಳಿಸಿದ ಮಧ್ಯಾಹ್ನ

ಹುಕ್ಕೇರಿಯ ಫೋಟೊ ಸ್ಟುಡಿಯೊದಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಎರಡು ತಿಂಗಳಾಗಿತ್ತು. ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲನೆಯವಳು ನಾನೇ. ಆದ್ದರಿಂದ ನಮ್ಮೂರು ಕುಲಗೋಡದಲ್ಲಿ ಈ ಕೆಲಸಕ್ಕೆ ಇದ್ದುದಕ್ಕಿಂತ ದೊಡ್ಡ ಹೆಸರು ಬಂದಿತ್ತು. ಕಂಪ್ಯೂಟರಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇರಲಾರದು ಎಂದು ಅಪ್ಪ ನಂಬಿದ್ದರು. ನಾನು ಹಾಗೆ ನಂಬಿರಲಿಲ್ಲ.

ಸ್ಟುಡಿಯೊದ ಮಾಲೀಕರನ್ನು ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಆ ಬೇಸಿಗೆಯಲ್ಲಿ ಅವರ ಎಡಿಟಿಂಗ್ ಕಂಪ್ಯೂಟರ್ ಗಿರಾಕಿಗಳ ಎದುರಿಗೇ ನಿಂತು ನಿಂತು ಓಡತೊಡಗಿತು. ಒಂದು ಶುಕ್ರವಾರ ಮದುಮಗನ ಸೋದರತ್ತೆ ತಮ್ಮವರೊಂದಿಗೆ ವಿಡಿಯೊ ನೋಡಲು ಬಂದಿದ್ದರು. ಅಕ್ಕಿಕಾಳು ಹಾಕುವ ದೃಶ್ಯದಲ್ಲಿ ಕಾಳುಗಳು ಗಾಳಿಯಲ್ಲೇ ನಿಂತುಬಿಟ್ಟವು.

"ಇವು ಕೆಳಗ ಬೀಳೂದ್ರಾಗ ಈ ಹುಡುಗಗ ಎರಡ ಮಕ್ಕಳಾಗ್ತಾವ ಬಿಡ್ರಿ," ಎಂದರು ಅತ್ತೆ.

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಗಿರಾಕಿಗಳು ಹೋದ ಮೇಲೆ ನನ್ನ ಕಡೆ ತಿರುಗಿದರು.

"ಸೋಮವಾರ ಗೋಕಾಕದ ಮೆಕ್ಯಾನಿಕ್ ಬರ್ತಾನ. ಮಷಿನ್ ಬದಲ ಮಾಡ್ತಾನ, ಎಡಿಟಿಂಗೂ ತಾನ ಮಾಡ್ತೀನಿ ಅಂದಾನ. ಆಮ್ಯಾಲ ನಿನಗ ಇಲ್ಲಿ ಏನ್ ಕೆಲಸ ಉಳೀತೈತಿ, ನೋಡೂಣು ತಂಗಿ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ಅದರ ಅರ್ಥ ನನಗೆ ಪೂರ್ತಿ ಆಯಿತು. ಪದವಿಯ ಪ್ರಮಾಣಪತ್ರದೊಂದಿಗೆ ಮನೆಗೆ ಮರಳಿ, ಕೆಲಸ ಏಕೆ ಹೋಯಿತೆಂದು ಅಪ್ಪನಿಗೆ ವಿವರಿಸಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬೇಗ ಬಂದು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟವನ್ನು ತೆರೆದೆ. ಅದರ ರ್‍ಯಾಮ್ ಎಂಬ ನೆನಪಿನ ಭಾಗ 3200ರ ವೇಗಕ್ಕೆ ತಯಾರಾದದ್ದು, ಓಡುತ್ತಿದ್ದುದು ಮಾತ್ರ 2133ರಲ್ಲಿ. ಇಂಥ ರ್‍ಯಾಮ್ ಮೊದಲಿಗೆ ನಿಧಾನವಾಗಿಯೇ ಶುರುವಾಗುತ್ತದೆ. ಅದರ ಪೂರ್ಣ ವೇಗವನ್ನು ಯಾರಾದರೂ ಸೆಟ್ಟಿಂಗಿನಲ್ಲಿ ಆರಿಸಿಕೊಡಬೇಕು. ಈ ಯಂತ್ರವನ್ನು ಜೋಡಿಸಿದವರು ಅದನ್ನು ಮಾಡಿರಲೇ ಇಲ್ಲ.

"ಕಾಕಾ, ಇದರ ಶಕ್ತಿ ಮೂರು ಪಾಲಿದ್ರ ಎರಡು ಪಾಲಷ್ಟ ಬಳಸಾಕತ್ತೇವ್ರಿ. ನಾ ಸರಿ ಮಾಡ್ತೀನ್ರಿ," ಎಂದೆ.

"ಸುಟ್ಟ್ರ?"

"ಸುಡೂದಿಲ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ನಾಳೆ ಆದಿತ್ಯವಾರ, ಸಂಜಿ ಐದರ ತನಕ ಅಂಗಡಿ ನಿಂದು. ಐದಕ್ಕ ಆ ಅತ್ತಿ ಮತ್ತ ಬರ್ತಾಳ. ಆಕಿ ಬಾಯಿ ಗೊತ್ತೈತೆಲ್ಲ?"

ಭಾನುವಾರ ಎಂಟಕ್ಕೇ ಬಾಗಿಲು ತೆರೆದೆ. ಮೊದಲು ಎಲ್ಲ ವಿಡಿಯೊಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದೆ. ಸೆಟ್ಟಿಂಗಿನ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಏನಾದರೂ ಕೆಟ್ಟರೆ ಮೊದಲಿನ ಸ್ಥಿತಿಗೆ ತರುವ ಕ್ರಮವನ್ನು ಎರಡು ಸಲ ಓದಿದೆ. ಅನಂತರ 3200 ಆರಿಸಿದೆ. ಅದರೊಂದಿಗೆ ವೋಲ್ಟೇಜ್ ತಾನಾಗಿ 1.35ಕ್ಕೆ ಬಂದು ನಿಂತಿತು. ಅಲ್ಲಿಗೆ ಕೈ ತೆಗೆಯಬೇಕಿತ್ತು. ನಾನು ತೆಗೆಯಲಿಲ್ಲ. ಕಡಿಮೆ ಬೀಳದಿರಲಿ ಎಂದು ಅದನ್ನು 1.45ಕ್ಕೆ ಏರಿಸಿದೆ.

ಈ ತಪ್ಪಿಗೆ ಒಂದು ಕಾರಣವಿತ್ತು. ಕಬ್ಬಿನ ಸೀಮೆಯಲ್ಲಿ ಬೆಳೆದ ನಮಗೆ ಕಡಿಮೆ ವೋಲ್ಟೇಜ್ ಎಂದರೆ ಭಯ. ವೋಲ್ಟೇಜ್ ಬಿದ್ದರೆ ಪಂಪಿನ ಮೋಟರ್ ಗುಂಯ್ ಎಂದು ಒದ್ದಾಡಿ ಸುಟ್ಟುಹೋಗುತ್ತದೆ. ಪಂಪಿನ ಸ್ಟಾರ್ಟರ್ ಡಬ್ಬಿಯ ಮುಳ್ಳು ಗೆರೆಗಿಂತ ಕೆಳಗಿದ್ದರೆ ಅಪ್ಪ ಹಸಿರು ಬಟನ್ ಒತ್ತುತ್ತಿರಲಿಲ್ಲ. ಸುಡುವುದು ಕಡಿಮೆಯಾದಾಗ, ಹೆಚ್ಚಾದರೆ ನಮ್ಮ ಭಾಗ್ಯ ಎಂಬುದು ನಮ್ಮ ಮನೆಯ ವಿಜ್ಞಾನವಾಗಿತ್ತು.

ಪೆನ್‌ಡ್ರೈವ್‌ನಿಂದ ಪರೀಕ್ಷೆ ಶುರು ಮಾಡಿದೆ. ರ್‍ಯಾಮಿಗೆ ಸಂಖ್ಯೆಗಳನ್ನು ಕೊಟ್ಟು, ಅವನ್ನೇ ಮರಳಿ ಕೇಳಿ, ತಪ್ಪು ಹಿಡಿಯುವ ಪರೀಕ್ಷೆ ಅದು. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ತಪ್ಪುಗಳ ಕೆಂಪು ಸಾಲುಗಳು ಇಳಿಯತೊಡಗಿದವು. ಇನ್ನೂ ಸಾಲದೇನೋ ಎಂದು ವೋಲ್ಟೇಜನ್ನು ಮತ್ತೆ ಏರಿಸಲು ಹೋದೆ. ಒತ್ತುವ ಮೊದಲೇ ಕೈ ತೆಗೆದೆ. ಅಪ್ಪನಿಗೆ ಫೋನ್ ಮಾಡಿದೆ.

"ಯಪ್ಪಾ, ಮೋಟರ್ ಸರಿಯಾಗಿ ಓಡಲಿಲ್ಲಂದ್ರ ನೀ ಮೊದಲ ಏನ್ ಮಾಡ್ತೀ?"

"ಬಂದ್ ಮಾಡ್ತೀನಿ. ಮೈ ಮುಟ್ಟಿ ನೋಡ್ತೀನಿ, ಕಾದೈತೇನು ಅಂತ. ಯಾಕವಾ, ಫೋಟೊ ತಗ್ಯೂ ಅಂಗಡ್ಯಾಗ ಮೋಟರ್ ಐತೇನು?"

"ಹಂಗ ಅಂತ ತಿಳ್ಕೊ."

"ಹಂಗಾರ ಬಂದ್ ಮಾಡು. ಕಾದಿದ್ರ ಯಾಕ ಕಾದೈತಿ ಅನ್ನೂದ ಮೊದಲ ನೋಡು. ಸುಮ್ನ ಬಟನ್ ಒತ್ಕೋಂತ ಕುಂದ್ರಬ್ಯಾಡ."

ಕಂಪ್ಯೂಟರನ್ನು ಬಂದ್ ಮಾಡಿ, ಪ್ಲಗ್ ಕಿತ್ತು, ಅದರ ಡಬ್ಬಿಯ ಮುಚ್ಚಳ ಬಿಚ್ಚಿದೆ. ನನ್ನ ಮೈಯಲ್ಲಿ ನಿಂತಿರುವ ವಿದ್ಯುತ್ ಹೋಗಲೆಂದು ಡಬ್ಬಿಯ ಬರಿಯ ಕಬ್ಬಿಣವನ್ನು ಮುಟ್ಟಿ, ಆಮೇಲೆ ಬೆರಳ ಬೆನ್ನಿನಿಂದ ರ್‍ಯಾಮನ್ನು ಮುಟ್ಟಿದೆ. ಆಗಷ್ಟೇ ಚಹಾ ಹೊಯ್ದ ಗ್ಲಾಸಿನಂತೆ ಕಾದಿತ್ತು. ಅದರ ಮೇಲಿನ ಚೀಟಿಯಲ್ಲಿ 1.35 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಮೋಟರಿಗೆ ವೋಲ್ಟೇಜ್ ಕಡಿಮೆಯಾದರೆ ಅದು ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ರ್‍ಯಾಮಿನದು ತಿರುವು ಮುರುವು: ವೋಲ್ಟೇಜ್ ಹೆಚ್ಚಾದಷ್ಟೂ ಕಾಯುತ್ತದೆ, ಕಾದಷ್ಟೂ ಮರೆಯುತ್ತದೆ. ಕೆಂಪು ಸಾಲುಗಳನ್ನು ಬರೆಸಿದವಳು ನಾನೇ.

ಆ ಕ್ಷಣದ ಸಂತೋಷವನ್ನು ಈಗಲೂ ಸರಿಯಾದ ಶಬ್ದದಲ್ಲಿ ಹೇಳಲಾರೆ. ತಪ್ಪು ನನ್ನದು ಎಂದಾದರೆ ಯಂತ್ರದ್ದಲ್ಲ. ಅಂದಮೇಲೆ ಅದನ್ನು ತಿದ್ದಲು ಸಾಧ್ಯ.

ಫ್ಯಾನಿನ ಧೂಳು ಒರೆಸಿ ಯಂತ್ರವನ್ನು ತಣ್ಣಗಾಗಲು ಬಿಟ್ಟೆ. ವೋಲ್ಟೇಜನ್ನು 1.35ಕ್ಕೆ ಇಳಿಸಿದೆ. ಈ ಸಲ ನೇರವಾಗಿ ಮೇಲಕ್ಕೆ ಜಿಗಿಯಲಿಲ್ಲ. ಮೊದಲು 2666, ಪರೀಕ್ಷೆ, ಆಮೇಲೆ 2933, ಮತ್ತೆ ಪರೀಕ್ಷೆ, ಕೊನೆಗೆ 3200. ಊಟದ ಡಬ್ಬಿ ಬಿಚ್ಚಿದ್ದೆ, ರೊಟ್ಟಿ ಮುರಿದದ್ದು ನೆನಪಿಲ್ಲ. ನಾಲ್ಕೂವರೆಗೆ ಕೊನೆಯ ಪರೀಕ್ಷೆ ಮುಗಿಯಿತು. ತಪ್ಪುಗಳು: ಸೊನ್ನೆ. ಖಾಲಿ ಅಂಗಡಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಐದಕ್ಕೆ ಕಾಕಾ ಬಂದರು; ಹೇಳಿದಂತೆಯೇ ಅತ್ತೆಯೂ ಬಂದರು. ವಿಡಿಯೊ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತಡವರಿಸದೆ ಓಡಿತು. ಮೆರವಣಿಗೆಯಲ್ಲಿ ತಾವು ಕುಣಿದದ್ದನ್ನು ಅವರು ಬಾಗಿ ಬಾಗಿ ನೋಡಿದರು.

"ಅಯ್ಯ ನಮ್ಮವ್ವಾ, ಇಷ್ಟ ಜೋರ ಕುಣದೇನಿ? ಮತ್ತೊಮ್ಮಿ ಹಾಕ್ರಿ. ನಮ್ಮ ಮನಿಯವರು ನೋಡ್ಲಿ."

ಮೂರು ಸಲ ಹಾಕಿದೆ. ಮೂರು ಸಲವೂ ಓಡಿತು.

ಅವರು ಹೋದ ಮೇಲೆ ಕಾಕಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. "ಇನ್ನೊಂದೀಟ ಸ್ಪೀಡ್ ಏರಸು ತಂಗಿ. ಭೇಷ್ ಓಡಾಕತ್ತೈತಿ."

"ಇಲ್ರಿ ಕಾಕಾ, ಇದಕ್ಕಿಂತ ಏರಸಂಗಿಲ್ಲ. ಇವತ್ತ ಓಡಬಹುದು, ಬಿಸಲ ಜೋರಾದ ದಿವಸ ಕೆಲಸದ ನಡುವ ಕೈ ಕೊಡತೈತಿ."

ಅದುವರೆಗೆ ಅವರಿಗೆ ನಾನು ಯಾವುದಕ್ಕೂ ಇಲ್ಲ ಎಂದವಳಲ್ಲ. ಕಾಕಾ ಮೊಬೈಲ್ ತೆಗೆದು ಗೋಕಾಕದ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು.

"ನಾಳೆ ಬರೂದು ಬ್ಯಾಡ... ಇಲ್ಲಪ್ಪಾ, ಬ್ಯಾರೆ ಕಡೆ ಕೊಟ್ಟಿಲ್ಲ. ಎಡಿಟಿಂಗಿಗೂ ಬ್ಯಾಡ. ನಮ್ಮಲ್ಲೇ ಒಬ್ರು ಅದಾರ."

ಫೋನ್ ಇಟ್ಟು ನನ್ನತ್ತ ನೋಡಿದರು. "ಮೂಡಲಗ್ಯಾಗ ನಮ್ಮ ತಮ್ಮನ ಸ್ಟುಡಿಯೊ ಐತಿ. ಅವನ ಮಷಿನೂ ಹಿಂಗ ಕುಂಟತೈತಿ. ಯಾವಾಗ ಹೋಗ್ತೀ?"

"ಮಂಗಳವಾರ ಹೋಗ್ತೀನ್ರಿ. ಆದ್ರ ಅವತ್ತ ಅವರು ಗಿರಾಕಿ ಹಿಡೀಬಾರದು. ನನಗ ಪೂರಾ ದಿವಸ ಬೇಕು."

ಕಾಕಾ ಎದ್ದುಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರದ ಚೌಕದ ಸುತ್ತ ಗೀಟು ಎಳೆದರು.