ಗಾಲಿ ಅಲುಗಿಸಿ ನೋಡುತ್ತಿದ್ದ ದೊಡ್ಡವ್ವ

ನಮ್ಮ ದೊಡ್ಡವ್ವನ ಹಣೆಯ ಮೇಲೆ ಅಗಲವಾದ ವಿಭೂತಿ, ಉಗುರಿನ ಸಂದಿಯಲ್ಲಿ ಕಾರಿನ ಕರಿ ಗ್ರೀಸು. ಪೂಜೆಗೆ ಕೂಡುವ ಮುಂಚೆ ಆಕೆ ಹಿತ್ತಲಲ್ಲಿ ಕುಂತು ಕೈಗೆ ಸೀಮೆಎಣ್ಣೆ ಸುರಿದುಕೊಂಡು, ಜೋಳದ ಹೊಟ್ಟಿನಿಂದ ತಿಕ್ಕಿ, ಹಳೆ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದಳು. ನೀರು ಕೊನೆಗೆ ಒಂದು ಬೊಗಸೆ ಮಾತ್ರ. ಲಾತೂರಿಗೆ ರೈಲಿನಲ್ಲಿ ನೀರು ತಂದ ಕಾಲ ಅದು; ಉಮರ್ಗಾದ ನಮ್ಮ ಓಣಿಯಲ್ಲಿ ಟ್ಯಾಂಕರ್ ಬಂದರೆ ಸ್ನಾನ, ಇಲ್ಲವಾದರೆ ಇಲ್ಲ. ಅಂಗೈ ಮೇಲಿನ ಲಿಂಗಕ್ಕೂ ಸೀಮೆಎಣ್ಣೆ ವಾಸನೆ ಹತ್ತೀತು ಎಂದು ನಾದಿನಿಯರು ಆಡಿಕೊಳ್ಳುತ್ತಿದ್ದರು. "ನಾ ಏನ ಮಾಡಿ ಬಂದೀನಿ ಅಂತ ಶಿವಗ ಗೊತ್ತದ" ಎನ್ನುತ್ತಿದ್ದಳು ದೊಡ್ಡವ್ವ. ಅದು ಕಾರಿನ ಕೆಲಸದ ಮಾತಲ್ಲವೆಂದು ಮನೆಯವರಿಗೆಲ್ಲ ತಿಳಿಯುತ್ತಿತ್ತು.

ಆಕೆ ನನ್ನ ಅವ್ವನ ಅಕ್ಕ. ಅವ್ವ ತೀರಿಹೋದ ಮೇಲೆ ಯೆಣೆಗೂರಿನಿಂದ ನನ್ನನ್ನು ಕರೆತಂದು ಸಾಕಿದಳು. ದೊಡ್ಡಪ್ಪನದು ರೈತರ ತೊಗರಿ, ಜೋಳ ಮಾರಿಸಿಕೊಡುವ ಅಡತ ಅಂಗಡಿ. ಮನೆಯ ಮುಂದೆ ಅವರ ತಂದೆಯ ಕಾಲದ ಅಂಬಾಸಿಡರ್ ಕಾರು. ಬಿಳಿ ಬಣ್ಣ ಹಳತಾಗಿ ಹಾಲಿನ ಕೆನೆಯಂತಾಗಿತ್ತು. ಆಗ ದೊಡ್ಡವ್ವ ಕಾರನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಪೆಟ್ರೋಲಿನ ವಾಸನೆಗೆ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಆದರೆ ಅದರಿಂದ ಇಳಿಯುವುದೆಂದರೆ ಆಕೆಗೆ ಬಲು ಇಷ್ಟ. ಯಾರದೇ ಮನೆಯ ಮುಂದೆ ನಿಂತರೂ, ಒಳಗಿನವರು ಹೊರಗೆ ಬಂದು ನೋಡಿದ ಮೇಲೆಯೇ ಬಾಗಿಲು ತೆಗೆಯುತ್ತಿದ್ದಳು.

ನನ್ನ ಸಂಬಂಧ ಉದಗೀರದ ಮನೆತನಕ್ಕೆ ಕೂಡಿತು. ನಿಶ್ಚಯಕ್ಕೆ ನಾವೇ ಅಲ್ಲಿಗೆ ಹೋಗಬೇಕು. ಅದೇ ವಾರ ಕಾರಿನ ಬಲಗಡೆಯ ಮುಂದಿನ ಗಾಲಿ, ರಸ್ತೆಯ ತಗ್ಗು ಬಂದಾಗಲೆಲ್ಲ ಟಕ್ ಟಕ್ ಅನ್ನತೊಡಗಿತು. ದೊಡ್ಡಪ್ಪ ಮಿಸ್ತ್ರಿಯನ್ನು ಕರೆಸಿದರು. ಅಂವ ಜಾಕ್ ಏರಿಸಿ, ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದ. ಗಾಲಿ ಸಡಿಲು ಹಲ್ಲಿನಂತೆ ಅಲುಗಿತು. ಗಾಲಿಯನ್ನು ಕೆಳಗಿನ ತೋಳಿಗೆ ಹಿಡಿದಿಡುವ ತುಂಡೊಂದು ಇರುತ್ತದಂತೆ, ಅದರೊಳಗಿನ ತಿರುಪು ಸವೆದಿದೆ, ಬಿಚ್ಚಿ ಬೇರೆ ಹಾಕದೆ ದೂರ ಹೋಗಬೇಡಿ ಎಂದ. ಆದರೆ ಅವನ ಕೈಗೆ ಬಿಡುವಿರಲಿಲ್ಲ. ಊರ ತುಂಬ ನೀರಿನ ಟ್ಯಾಂಕರುಗಳು ಕೆಟ್ಟು ನಿಂತಿದ್ದವು, ಮೊದಲು ಅವು.

ದೊಡ್ಡಪ್ಪ ನಿಶ್ಚಯ ಮುಂದೆ ಹಾಕೋಣ ಎಂದರು. ದೊಡ್ಡವ್ವ ಒಪ್ಪಲಿಲ್ಲ. ಬೀಗರು ಅಡಿಗೆಗೆಂದೇ ಯಾರು ಯಾರಿಗೋ ಕೈಮುಗಿದು ಟ್ಯಾಂಕರ್ ತರಿಸಿದ್ದರು. ಆ ನೀರು ಮತ್ತೊಂದು ದಿನಕ್ಕೆ ಉಳಿಯುವಂಥದ್ದಲ್ಲ. ಹಾಗಾದರೆ ಉಳಿದ ನೆಂಟರ ಸಂಗಡ ಸರಕಾರಿ ಎಸ್‌ಟಿ ಬಸ್ಸಿಗೆ ಹೋಗೋಣ ಎಂದರು ದೊಡ್ಡಪ್ಪ. ಅದಕ್ಕೂ ಆಕೆ ಒಪ್ಪಲಿಲ್ಲ.

"ಬಸ್ಸಿನಾಗಿಂದ ಇಳದ್ರ ಬೀಗರ ಮುಂದ ಹ್ಯಾಂಗ ಕಾಣ್ತದ್ರೀ? ಸಾವಕಾಶ ಹೋದ್ರ ಏನೂ ಆಗಂಗಿಲ್ಲ" ಎಂದಳು.

ದೊಡ್ಡವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ದೊಡ್ಡಪ್ಪ ಸ್ಟೇರಿಂಗ್ ಹಿಡಿದು ಕುಂತರೂ ಚಾವಿ ತಿರುವಲಿಲ್ಲ. ಕನ್ನಡಿಯಲ್ಲಿ ಹಿಂದೆ ಕುಂತಿದ್ದ ನನ್ನ ಮುಖ ನೋಡಿದರು. "ನೀ ಏನಂತಿ? ಬಸ್ಸಿಗೆ ಹೋಗೋಣೇನು?"

ನಾನು ಹೊಸ ಸೀರೆ ಉಟ್ಟಿದ್ದೆ. ಎಸ್‌ಟಿ ಬಸ್ಸಿನ ನೂಕಾಟ ನೆನೆದು ನೆರಿಗೆ ಸರಿಮಾಡಿಕೊಂಡೆ. "ಕಾರಿನಾಗೇ ಹೋಗೋಣ್ರಿ ದೊಡ್ಡಪ್ಪಾ" ಎಂದೆ. ಅವರು ಚಾವಿ ತಿರುವಿದರು.

ಕಾಸಾರಶಿರಸಿ ದಾಟಿದ್ದೆವು, ನಿಲಂಗಾ ಇನ್ನೂ ಬಂದಿರಲಿಲ್ಲ. ಒಂದು ತಗ್ಗಿನಲ್ಲಿ ಗಾಲಿ ಇಳಿಯಿತು, ಏಳಲಿಲ್ಲ. ಒಳಕ್ಕೆ ಮಡಚಿಕೊಂಡುಬಿಟ್ಟಿತು. ಬಲಮೂಲೆ ನೆಲಕ್ಕೆ ಕುಸಿದು ಕಾರು ರಸ್ತೆಯ ಆ ಕಡೆಗೆ ಎಳೆದುಕೊಂಡು ಹೋಗಿ ಬೇವಿನ ಮರಕ್ಕೆ ಬಡಿಯಿತು. ನನಗೂ ದೊಡ್ಡವ್ವನಿಗೂ ತರಚು ಗಾಯ. ದೊಡ್ಡಪ್ಪನ ಬಲಗಾಲು ಒಳಗೆ ಸಿಕ್ಕಿತ್ತು. ಸೊಲ್ಲಾಪುರದಲ್ಲಿ ಬಹಳ ದಿನ ಮಲಗಿಸಿ, ಕಾಲು ಉಳಿಸಿದರು. ನಡೆಯುವುದು ಉಳಿಯಲಿಲ್ಲ.

ಕಾರನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಎಂದು ಎಲ್ಲರೂ ಹೇಳಿದರು. ದೊಡ್ಡವ್ವ ಒಂದು ದಿನ ಮಿಸ್ತ್ರಿಯ ಗ್ಯಾರೇಜಿಗೆ ಹೋಗಿ, ಮುರಿದದ್ದು ಯಾವುದು ತೋರಿಸು ಎಂದಳಂತೆ. ಅಂವ ಆ ತುಂಡನ್ನು ಆಕೆಯ ಕೈಗಿಟ್ಟ. ಚೂಪಾಗಿರಬೇಕಾದ ತಿರುಪಿನ ಗೆರೆ ಬೆಣಚುಕಲ್ಲಿನ ಹಾಗೆ ನುಣ್ಣಗಾಗಿತ್ತು. ಇಷ್ಟಕ್ಕೆ ಕಾರಣವೇನು ಎಂದು ಕೇಳಿದಳು. ಗ್ರೀಸ್ ಬಿದ್ದಿಲ್ಲ, ಸವೆದಾಗ ಯಾರೂ ನಿಲ್ಲಿಸಿಲ್ಲ, ಎಂದ. ಆಕೆ ಅಲ್ಲೇ ಒಂದು ಡಬ್ಬದ ಮೇಲೆ ಕುಂತಳು. ಮರುದಿನವೂ ಹೋದಳು. ಹಳೆ ಗಾಡಿಯ ಸಾಮಾನಿಗೆ ಉದಗೀರ, ಸೊಲ್ಲಾಪುರದ ಭಂಗಾರದ ಅಂಗಡಿಗಳನ್ನೆಲ್ಲ ತಾನೇ ತಿರುಗಿದಳು. ಅಲ್ಲಿ ಸಿಗದ ಬುಶ್ಶುಗಳನ್ನು, ಕೀಲಿನೊಳಗೆ ಕೂಡುವ ಬಳೆಗಳನ್ನು, ಲೇಥಿನ ಮೇಲೆ ಕಡೆಸಿದಳು. ಮಿಸ್ತ್ರಿ ಮೊದಲು ಸಂಕೋಚಪಟ್ಟ, ಆಮೇಲೆ ನಟ್ಟು ಬಿಚ್ಚುವ ಪಾನಾ ಕೈಗೆ ಕೊಟ್ಟ. ಮುಂದಿನ ಎರಡೂ ಕಡೆ ಬಿಚ್ಚಿ, ಸವೆದದ್ದನ್ನೆಲ್ಲ ತೆಗೆದು, ಬೇರೆ ಹಾಕಿ ಕಟ್ಟುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಮಳೆ ಆ ವರ್ಷವೂ ಬರಲಿಲ್ಲ.

ಆಮೇಲೆ ಕಾರು ನಡೆಸಲು ಕಲಿತಳು. ದಿನಾ ದೊಡ್ಡಪ್ಪನನ್ನು ಆಳಿನ ಸಹಾಯದಿಂದ ಕೂರಿಸಿಕೊಂಡು ಅಂಗಡಿಗೆ ಬಿಟ್ಟು ಬರುತ್ತಿದ್ದಳು. ಸೋಮವಾರ ಬಂತೆಂದರೆ ಕಾರಿನ ಕೆಳಗೆ ಗೋಣಿಚೀಲ ಹಾಸಿ, ಅದರ ಮೇಲೆ ಮಲಗಿ ಗ್ರೀಸ್ ಹೊಡೆಯುವುದು. ಜಾಕ್ ಏರಿಸಿ ಗಾಲಿಯನ್ನು ಅಲುಗಿಸುವುದು. ಅದೇ ಉದಗೀರದ ಮನೆತನಕ್ಕೆ ತಡವಾಗಿ ಆದ ನನ್ನ ಮದುವೆಯ ದಿನ, ರೇಷ್ಮೆ ಸೀರೆಯಲ್ಲೇ ಬಗ್ಗಿ ಗಂಡಿನ ಕಡೆಯ ಜೀಪಿನ ಗಾಲಿಯನ್ನೂ ಹಿಡಿದು ಎಳೆದು ನೋಡಿದಳು. ಬೀಗರು ನಕ್ಕರು. ನನಗೆ ಅವಮಾನವಾಯಿತು. "ಬಿಡ ದೊಡ್ಡವ್ವ, ಮಂದಿ ನೋಡಲತ್ತಾರ" ಎಂದೆ. ಆಕೆ ತಲೆ ಎತ್ತಲಿಲ್ಲ. "ನೋಡಲಿ. ಅವತ್ತ ನಾ ನೋಡಲಿಲ್ಲ" ಎಂದಳು.

ಯಾರಾದರೂ ಆ ದಿನದ ಮಾತೆತ್ತಿದರೆ, ದೊಡ್ಡವ್ವ ಒಂದೇ ರೀತಿ ಹೇಳುತ್ತಿದ್ದಳು: ಅವರು ಬ್ಯಾಡ ಅಂದರು, ನಾ ಕೇಳಲಿಲ್ಲ. ಕನ್ನಡಿಯ ಮಾತು, ನನ್ನ ಮಾತು, ಆಕೆಯ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಪಕ್ಕದಲ್ಲೇ ಕುಂತು ಕೇಳುತ್ತಿದ್ದೆ. ನನ್ನ ಸಂಸಾರ ಚೆನ್ನಾಗಿ ನಡೆಯಿತು, ಗಂಡ ಒಳ್ಳೆಯವನು, ಮಕ್ಕಳಾದವು. ತವರಿಗೆ ಬಂದು ದೊಡ್ಡಪ್ಪ ಕೈಯಿಂದ ಕಾಲೆತ್ತಿ ಮಂಚದ ಮೇಲೆ ಇಟ್ಟುಕೊಳ್ಳುವುದನ್ನು ನೋಡಿದಾಗ, ಆ ಸುಖವನ್ನು ಎಲ್ಲಿ ಮುಚ್ಚಿಡಲಿ ಅನಿಸುತ್ತಿತ್ತು.

ದೊಡ್ಡಪ್ಪ ಆಕೆಗೆ ಎಂದೂ ಒಂದು ಬಿರುಸು ಮಾತು ಆಡಲಿಲ್ಲ. "ಬರೋದಿತ್ತು, ಬಂತು. ನಿಂದೇನ ತಪ್ಪದ?" ಎನ್ನುತ್ತಿದ್ದರು. ಆ ಮಾತು ಕೇಳಿದರೆ ದೊಡ್ಡವ್ವ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಇಂಥ ಗಂಡನ ಎದುರು ಇದೆಂಥ ಸಿಟ್ಟು ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಆಕೆಗೆ ಹೊಟ್ಟೆಯ ಬೇನೆ ಬಂತು. ಡಾಕ್ಟರರು ಮನೆಗೆ ಕರೆದುಕೊಂಡು ಹೋಗಿ ಎಂದಾಗ ನಾನು ಉದಗೀರದಿಂದ ಬಂದೆ. ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಸುತ್ತಿದ್ದೆ. ಆಕೆ ಬಟ್ಟಲು ದೂಡಿ, ದೊಡ್ಡಪ್ಪನ ಕಡೆ ತಿರುಗಿ, ನನ್ನನ್ನು ಮಾಫ್ ಮಾಡಿ ಎಂದಳು. ದೊಡ್ಡಪ್ಪ ರೂಢಿಯಂತೆ ನಿನ್ನ ತಪ್ಪೇನದ ಎನ್ನಲು ಬಾಯಿ ತೆರೆದರು. ಆಕೆಯ ಕಣ್ಣು ನೋಡಿ ನಿಲ್ಲಿಸಿದರು. ಕುರ್ಚಿಯನ್ನು ಹತ್ತಿರ ಸರಿಸು ಎಂದು ನನಗೆ ಸನ್ನೆ ಮಾಡಿ, ಆಕೆಯ ಕೈ ಹಿಡಿದುಕೊಂಡರು.

"ತಪ್ಪ ನಿಂದೇ ಅದ. ನಾ ಬ್ಯಾಡ ಅಂದಿದ್ದೆ, ನೀ ಕೇಳಲಿಲ್ಲ. ನನ್ನ ಕಾಲ ಹೋಯ್ತು. ನಾ ಮಾಫ್ ಮಾಡೀನಿ."

ದೊಡ್ಡವ್ವ ಅವರ ಮುಖವನ್ನೇ ನೋಡಿದಳು. "ಮತ್ತೊಮ್ಮೆ ಅನ್ರಿ" ಎಂದಳು. ಅವರು ಮತ್ತೊಮ್ಮೆ ಅಂದರು. ಆಕೆ ಗೋಡೆಯ ಕಡೆ ಹೊರಳಿ, ಕೂಸಿನಂತೆ ನಿದ್ದೆ ಹೋದಳು. ಆ ವಾರವೇ ತೀರಿಕೊಂಡಳು.

ಮಣ್ಣು ಮಾಡಿ ಬಂದು, ನೆಂಟರೆಲ್ಲ ಹೋದ ಮೇಲೆ, ನಾನು ದೊಡ್ಡಪ್ಪನ ಕುರ್ಚಿಯ ಹತ್ತಿರ ನೆಲಕ್ಕೆ ಕುಂತೆ. ಅವತ್ತು ನೀವು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಿರಿ, ಕಾರಿನಲ್ಲೇ ಹೋಗೋಣ ಎಂದವಳು ನಾನು, ತಪ್ಪು ನಿನ್ನದೂ ಅದ, ಮಾಫ್ ಮಾಡೀನಿ ಎಂಬ ಆ ಮಾತು ನನಗೂ ಹೇಳಿ ಎಂದೆ.

ದೊಡ್ಡಪ್ಪ ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. "ಹುಚ್ಚಿ, ನಾ ಎಲ್ಲಿ ನಿನ್ನ ಕೇಳಿದೆ? ನೀ ಹಿಂದ ಸುಮ್ಮ ಕುಂತಿದ್ದಿ. ಎಲ್ಲಾ ಅಕಿನೇ ಅಂದಾಳ."

ದೊಡ್ಡವ್ವ ಅಷ್ಟು ವರ್ಷ ಹೇಳಿ ಹೇಳಿ, ಅವರ ನೆನಪಿನಿಂದಲೂ ನನ್ನನ್ನು ಅಳಿಸಿಬಿಟ್ಟಿದ್ದಳು. ಅವರು ಚಹಾ ಕೇಳಿದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ.