ಟ್ರಂಕಿನಲ್ಲಿಟ್ಟ ಬೆಲ್ಲ

ಆಲೆಮನೆಗಳಿಗೆ ಬೆಲ್ಲ ತುಂಬುವ ಪ್ಲಾಸ್ಟಿಕ್ ಕವರು ಮಾರುವವನು ನಾನು. ಚಿನಕುರಳಿಯ ಆಲೆಮನೆಯೊಂದರ ಯಜಮಾನರ ತಾಯಿಗೆ, "ಹನಿ ನೀರೂ ಒಳಗೆ ಹೋಗಲ್ಲ ಅವ್ವ" ಅಂತ ಒಂದು ಅಚ್ಚು ಬೆಲ್ಲ ಸೀಲ್ ಮಾಡಿ ಕೊಟ್ಟಿದ್ದೆ. ತಿಂಗಳ ಮೇಲೆ ಹೋದಾಗ ಅವ್ವ ಅದೇ ಬೆಲ್ಲದ ಕಾಫಿ ಕೊಟ್ಟರು. ಒಂದೇ ಗುಟುಕಿಗೆ ಬಾಯಿತುಂಬ ನುಸಿಗುಳಿಗೆಯ ವಾಸನೆ! ಅಂಗಳಕ್ಕೆ ಓಡಿ ಉಗಿದೆ.

"ನಿಂಗೂ ಗೊತ್ತಾಗ್ಲಿ ಅಂತ್ಲೇ ಕೊಟ್ಟೆ ಕಣಪ್ಪ. ಇರುವೆ ಕಾಟಕ್ಕೆ ನುಸಿಗುಳಿಗೆ ಹಾಕಿರೋ ಸೀರೆ ಟ್ರಂಕಲ್ಲಿ ಮಡಗಿದ್ದೆ. ಕವರು ತೂತಾಗಿಲ್ಲ, ವಾಸ್ನೆ ಎಂಗೋಯ್ತು?"

"ಈ ಪ್ಲಾಸ್ಟಿಕ್ಕು ಎಣ್ಣೆ ಜಾತಿದು ಅವ್ವ. ನೀರನ್ನ ಒಳಗೆ ಬಿಡಲ್ಲ, ಆದರೆ ಗುಳಿಗೆಯ ಆವಿಯೂ ಅದೇ ಜಾತಿದು, ಅದನ್ನ ತಡೆಯಲ್ಲ. ನೈಲಾನು ವಾಸನೆ ತಡೆಯುತ್ತೆ, ಆದರೆ ನೀರು ಹೀರುತ್ತೆ."

"ಅಂಗಾದ್ರೆ ಎರಡ್ನೂ ಸೇರ್ಸಿ ಮಾಡ್ಬಾರ್ದಾ?"

ಅಂಥ ಕವರು ಸೀಲ್ ಮಾಡಿಕೊಟ್ಟ ದಿನವೂ ನನ್ನ ಬ್ಯಾಗಿನಲ್ಲಿತ್ತು. ಹಳ್ಳಿಯವರಿಗೆ ಇಷ್ಟು ಸಾಕು ಅಂತ ನಾನೇ ಹೊರಗೆ ತೆಗೆದಿರಲಿಲ್ಲ.