ಕಾಡಸಿದ್ದ ಎರಡು ಸಲ ಗಾಳಿ ತೆಗೆದದ್ದು

ಮೋಟಾರು ಮಿಸ್ತ್ರಿ ಕಾಡಸಿದ್ದನನ್ನು ತಕ್ಕಡಿಗೆ ಹಾಕಿದರೆ ಒಂದು ಚೀಲ ಶೇಂಗಾದಷ್ಟೂ ತೂಗುತ್ತಿರಲಿಲ್ಲ. ಅದರಲ್ಲೂ ಅರ್ಧ ತೂಕ ಅಂಗಿಗೆ ಹತ್ತಿದ ಗ್ರೀಸಿನದು. ಆದರೂ ಗಡಹಿಂಗ್ಲಜದಲ್ಲಿ ಮೋಟಾರು ಇಟ್ಟುಕೊಂಡ ನಾವು ಏಳೆಂಟು ಮಂದಿ, ಅವನ ಕೈ ಮುಟ್ಟದ ಗಾಡಿಯಲ್ಲಿ ಘಾಟು ಇಳಿಯುತ್ತಿರಲಿಲ್ಲ.

ಅರವತ್ತೆರಡನೇ ಇಸವಿಯ ಬೇಸಿಗೆ. ಕೊಲ್ಹಾಪುರದಿಂದ ಮಗಳು ಯಮುನವ್ವನನ್ನು ಬಾಣಂತನಕ್ಕೆ ಕರೆತರಬೇಕಿತ್ತು. ನನ್ನ ಹಳೇ ಮೋಟಾರಿನ ಬ್ರೇಕಿನ ಪಟ್ಟಿಗಳು ಸವೆದಿದ್ದವು. ಕಾಡಸಿದ್ದನೂ ಸವೆದಿದ್ದ. ಕಬ್ಬಿನ ಲಾರಿಗಳ ಕೆಳಗೆ ಮಲಗಿ ಮಲಗಿ ಬೆನ್ನು ಹೋಗಿತ್ತು, ಕಣ್ಣು ಮಬ್ಬಾಗಿತ್ತು. ಕೋವಾಡದಲ್ಲಿ ಅವನ ಭಾವಮೈದುನನ ಕಿರಾಣಿ ಅಂಗಡಿ ಇತ್ತು. ಅಲ್ಲಿ ಹೋಗಿ ಕೂಡು ಅಂತ ಹೆಂಡತಿ ತಾರವ್ವ ಗಂಟುಬಿದ್ದಿದ್ದಳು.

“ಕೆಲಸದಾಗ ಕೈ ತಪ್ಪಿದ ದಿನ ಅಂಗಡಿಗೆ ಬರ್ತೇನಿ ಅಂತ ಆಕಿಗೆ ಮಾತು ಕೊಟ್ಟೇನ್ರಿ ಸಾವಕಾರ್ರ,” ಅಂದ, ಹೊಸ ಪಟ್ಟಿ ಕೂಡಿಸುತ್ತ. “ಇನ್ನೂ ತಪ್ಪಿಲ್ಲ.”

ಗಾಲಿಯೊಳಗೆ ಬ್ರೇಕಿನ ಎಣ್ಣೆ ತಡೆಯುವ ರಬ್ಬರುಗಳೂ ಸೀಳಿಹೋಗಿದ್ದವು. ಅವನ್ನು ಬದಲಿಸಿದ ಮೇಲೆ ಎಣ್ಣೆಯ ನಳಿಗೆಯಲ್ಲಿ ಸೇರಿದ ಗಾಳಿ ತೆಗೆಯಬೇಕು; ಗಾಳಿ ಉಳಿದರೆ ಬ್ರೇಕು ಹಿಡಿಯುವುದಿಲ್ಲ. ಅದಕ್ಕೆ ಅವನದೊಂದು ಪದ್ಧತಿ: ಪೆಡಲನ್ನು ಮಾಲೀಕನೇ ಒತ್ತಬೇಕು.

“ಘಾಟಿನಾಗ ಒತ್ತಾವ್ರು ನೀವ. ಇಲ್ಲೂ ನೀವ ಒತ್ರಿ.”

ನಾನು ಒತ್ತಿದೆ. ಅವನು ಗಾಲಿಯ ಹಿಂದೆ ಮಲಗಿ ತಿರುಪು ಸಡಿಲಿಸಿದ. ಎಣ್ಣೆ ಗುಳ್ಳೆ ಗುಳ್ಳೆಯಾಗಿ ಸೀಸೆಗೆ ಇಳಿಯಿತು. “ಮ್ಯಾಲ ಬ್ರೇಕಿನ ಡಬ್ಬಿಗೆ ಎಣ್ಣಿ ಹಾಕ್ರಿ, ಅದು ಖಾಲಿ ಆಗಬಾರ್ದು,” ಅಂತ ಕೆಳಗಿನಿಂದಲೇ ಕೂಗಿದ.

ಹೊಸ ಎಣ್ಣೆಯ ಡಬ್ಬ ಪಕ್ಕದಲ್ಲೇ ಇತ್ತು. ಆದರೆ ನಾನು ಮೂರು ತಲೆಮಾರಿನ ಗಾಣದ ಮನೆಯವನು. ಡಬ್ಬವನ್ನು ಬೋರಲು ಹಾಕಿ ಕಡೆಯ ಹನಿ ಇಳಿಸುವ ಕೈ. ಸೀಸೆಗೆ ಇಳಿದ ಎಣ್ಣೆಯನ್ನೇ ಮತ್ತೆ ಮೇಲಿನ ಡಬ್ಬಿಗೆ ಸುರಿದೆ. ಪ್ರತಿ ಗಾಲಿಗೂ ಹಾಗೇ ಮಾಡಿದೆ.

ನಾಲ್ಕೂ ಮುಗಿದ ಮೇಲೆ ಒತ್ತಿದರೆ ಪೆಡಲು ಹತ್ತಿಯ ಗಾದಿಯಂತೆ ಕುಸಿಯಿತು.

ಕಾಡಸಿದ್ದ ತಾನೂ ಒತ್ತಿ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. “ರಬ್ಬರ್ ಸರೀ ಕೂಡಿಸಿಲ್ಲ ನಾ,” ಅಂದ. ನಾಲ್ಕೂ ಗಾಲಿ ಮತ್ತೆ ಬಿಚ್ಚಿದ. ಏಳುವಾಗೊಮ್ಮೆ, ಕೂಡುವಾಗೊಮ್ಮೆ ಮಡಗಾರ್ಡ್ ಹಿಡಿಯುತ್ತಿದ್ದ.

ಸೀಸೆಯಲ್ಲಿ ಗುಳ್ಳೆ ಇನ್ನೂ ಆಡುತ್ತಿದ್ದವು. ಆಗ ನನಗೆ ಹೊಳೆಯಿತು: ಅವನು ತೆಗೆದ ಗಾಳಿಯನ್ನು ನಾನೇ ಮತ್ತೆ ಒಳಗೆ ಸುರಿದಿದ್ದೆ. ಮಂದಿಯ ಎಣ್ಣೆಯ ಕಲಬೆರಕೆಯನ್ನು ಮೂಗಿನಿಂದ ಹಿಡಿಯುವವನು ನಾನು! ಸೀಸೆಯನ್ನು ಸದ್ದಿಲ್ಲದೆ ಗಟಾರಕ್ಕೆ ಚೆಲ್ಲಿ, ಈ ಸಲ ಗಾಳಿ ತೆಗೆಯುವಾಗ ಹೊಸ ಡಬ್ಬದಿಂದಲೇ ಹಾಕಿದೆ.

ಪೆಡಲು ಕಲ್ಲಿನಂತೆ ನಿಂತಿತು. “ಈಗ ಆತು,” ಅಂದ ಕಾಡಸಿದ್ದ. ಧ್ವನಿಯಲ್ಲಿ ಖುಷಿ ಇರಲಿಲ್ಲ. “ಒಂದ ಕೆಲಸಾ ಎರಡ ಸಲ ಮಾಡೂ ಮಿಸ್ತ್ರಿ ಯಾರಿಗೆ ಬೇಕ್ರಿ?”

ಮಾರನೆಯ ದಿನ ಯಮುನವ್ವನನ್ನು ಕೂಡಿಸಿಕೊಂಡು ತವಂದಿ ಘಾಟು ಇಳಿಯುವಾಗ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಗಾಡಿ ಮೊದಲ ಕುರಿಗೆ ಒಂದು ಮೊಳ ಈಚೆ ನಿಂತಿತು. ನಿಜ ಹೇಳಲು ಅವನ ಹತ್ತಿರ ಹೋಗುವಷ್ಟರಲ್ಲಿ ಎಂಟು ದಿನ ಕಳೆದಿತ್ತು. ಕಾಡಸಿದ್ದ ಬೋಲ್ಟು ತಿರುಗಿಸುವ ಪಾನಾಗಳನ್ನು ಮಾರಿ ಕೋವಾಡಕ್ಕೆ ಹೋಗಿದ್ದ.

ಅರವತ್ತೆಂಟರಲ್ಲಿ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಸಕ್ಕರೆ ತೂಗುತ್ತಿದ್ದವನು ತಲೆ ಎತ್ತಿ, “ಬ್ರೇಕ್ ಹ್ಯಾಂಗ ಅದಾವ್ರಿ ಸಾವಕಾರ್ರ?” ಅಂದ.

“ಚಲೋ ಅದಾವಪಾ,” ಅಂದು ಸಕ್ಕರೆ ತಗೊಂಡು ಬಂದೆ.

ಕಾಡಸಿದ್ದನಿಗೆ ನಾನು ಇನ್ನೂ ಒಂದು ಮಾತು ಹೇಳಬೇಕಾಗಿದೆ: ಆವತ್ತು ನಿನ್ನ ಕೈ ತಪ್ಪಿರಲಿಲ್ಲ, ಗುಳ್ಳೆಯ ಎಣ್ಣೆ ಸುರಿದವನು ನಾನು.